ವೈನಿ ಬೋರಮಾಳ ಅಡ ಇಡಬ್ಯಾಡ, ಮೊದ್ಲ ಡೀಸೆಲ್ ಫಿಲ್ಟರ್ ಬಿಚ್ಚು

ಅಣ್ಣಾ,

ನಾ ಇಲ್ಲಿ ಮಸ್ಕತ್‌ನ್ಯಾಗ ಆರಾಮ ಅದೀನಿ, ಅಪ್ಪ ಅವ್ವ ವೈನಿ ಹುಡುಗ್ರು ಎಲ್ಲಾರೂ ಆರಾಮ ಅದೀರಿ ಅನ್ಕೊಂಡೀನಿ. ಇವತ್ತ ಶುಕ್ರವಾರ, ಗ್ಯಾರೇಜ್ ಸೂಟಿ ಐತಿ, ಅದಕ್ಕ ಕುಂತು ಇಷ್ಟುದ್ದ ಟೈಪ್ ಮಾಡಾಕತ್ತೀನಿ. ಫೋನಿನ್ಯಾಗ ಹೇಳಿದ್ರ ಅರ್ಧಾ ಕಿವಿಗೆ ಬೀಳ್ತೈತಿ ಅರ್ಧಾ ಮರ್ತು ಹೋಗ್ತೈತಿ, ಇದಾದ್ರ ಗಾಡಿ ಮುಂದ ನಿಂತು ಮೊಬೈಲ್ ನೋಡ್ಕೋತ ಒಂದೊಂದ ಮಾಡಬಹುದು.

ನಿನ್ನೆ ನೀ ಪಿಕಪ್ಪಿನ ನಾಕೂ ಇಂಜೆಕ್ಟರ್ (ಇಂಜಿನ್ನಿಗೆ ಡೀಸೆಲ್ ಚಿಮ್ಮಸೂವು) ಬದ್ಲಿ ಮಾಡಬೇಕಂತ, ವೈನಿ ಕೊಳ್ಳಾಗಿನ ಬೋರಮಾಳ ಅಡ ಇಡ್ತೀನಿ ಅಂದಿ ನೋಡು, ಅವಾಗಿಂದ ನಂಗ ನಿದ್ದಿ ಇಲ್ಲ. ಆ ಬೋರಮಾಳ ಮುಟ್ಟಬ್ಯಾಡ ಅಣ್ಣಾ. ನೀ ಹೇಳಿದ್ದನ್ನ ನಾ ರಾತ್ರಿ ಎಲ್ಲಾ ತಲ್ಯಾಗ ತಿರಿವಿ ನೋಡೀನಿ: ಖಾಲಿ ಗಾಡಿ ಛಲೋ ಓಡ್ತೈತಿ, ಇಂಡ್ಯಾಗ ಲಿಂಬಿಕಾಯಿ ಚೀಲಾ ಹೇರ್ಕೊಂಡು ಝಳಕಿ ದಾಟಿ ಹೈವೇ ಹಿಡಿದು ಎಕ್ಸಿಲೇಟರ್ ಒತ್ತಿದ್ರ ಮಿಸ್ಸಿಂಗ್ ಹೊಡೀತೈತಿ, ಅಂದ್ರ ಇಂಜಿನ್ ನಡುನಡುವ ಹೊಡತ ತಪ್ಪತೈತಿ, ಜಗ್ಗಂಗಿಲ್ಲ, ಸೈಡಿಗೆ ಹಚ್ಚಿ ಒಂದ್ ಹತ್ತು ನಿಮಿಷ ಬಿಟ್ರ ಮತ್ತ ಸ್ವಲ್ಪ ದೂರ ಓಡ್ತೈತಿ. ಇಂಜೆಕ್ಟರ್ ಹೋಗಿದ್ರ ಬಹಳ ಮಾಡಿ ನಿಂತಲ್ಲೆ ಸ್ಲೋದಾಗೂ ಗಾಡಿ ನಡುಗತೈತಿ, ಟಕಟಕ ಅಂತೈತಿ. ನಿಂದು ಹಂಗಿಲ್ಲ. ಲೋಡ್ ಬಿದ್ದಾಗ ಇಂಜಿನ್ ಡೀಸೆಲ್ ಜಾಸ್ತಿ ಕೇಳ್ತೈತಿ, ಅದು ಬರಾಕ ಎಲ್ಲೋ ಅಡ್ಡ ಆಗೈತಿ. ನಂಗ ಮೊದ್ಲ ಡೌಟ್ ಬರೂದು ಫಿಲ್ಟರ್ ಮ್ಯಾಲೇನ, ಮತ್ತ ನಮ್ಮ ತೋಟದ ಮನ್ಯಾಗಿನ ಬ್ಯಾರಲ್ ಮ್ಯಾಲೆ. ಹೋದ ತಿಂಗಳ ಆ ಬ್ಯಾರಲ್‌ನ ತಳದ ಡೀಸೆಲ್ ಹಾಕೀನಿ ಅಂದಿದ್ದೆಲ್ಲ, ಅದರ ತಳದಾಗ ನೀರು ನಿಂತಿರ್ತೈತಿ, ತುಕ್ಕೂ ಇರ್ತೈತಿ.

ಈಗ ಏನ್ ಮಾಡು ಅಂದ್ರ, ಮುಂಜಾನೆ ಗಾಡಿ ಚಾಲೂ ಮಾಡೂಕಿಂತ ಮೊದ್ಲ ಫಿಲ್ಟರ್ ಕೆಳಗ ಒಂದು ಸಣ್ಣ ನೀರು ಬಿಡೂ ಸ್ಕ್ರೂ ಇರ್ತೈತಿ, ಅದನ್ನ ಸಡ್ಲ ಮಾಡಿ ಒಂದು ಗಾಜಿನ ಬಾಟಲ್ಯಾಗ ಸ್ವಲ್ಪ ಹಿಡಿ. ಬಾಟಲಿ ಅಲ್ಲಾಡಸ್ಬ್ಯಾಡ, ಕಟ್ಟಿ ಮ್ಯಾಲೆ ಬಿಸಲಿಗೆ ಅಡ್ಡ ಹಿಡಿದು ನೋಡು. ನೀರು ಡೀಸೆಲ್‌ಗಿಂತ ಭಾರ, ಅದು ಕೆಳಗ ಕುಂದರ್ತೈತಿ, ನಡುವ ಗೆರಿ ಹೊಡದಂಗ ಬ್ಯಾರೆ ಕಾಣಿಸ್ತೈತಿ. ಕಂಡ್ರ ಟ್ಯಾಂಕ್ ಬಿಚ್ಚಿ ತೊಳಸು, ಹೊಸಾ ಫಿಲ್ಟರ್ ಹಾಕು, ಬ್ಯಾರಲ್‌ನ ಡೀಸೆಲ್ ಗಾಡಿಗೆ ಬ್ಯಾಡ. ನೀರು ಕಾಣಲಿಲ್ಲ ಅಂದ್ರೂ ಫಿಲ್ಟರ್ ಬದ್ಲಿ ಮಾಡು, ಕಸಾ ತುಂಬಿದ್ರ ಇದೇ ಆಟ ಆಡ್ತೈತಿ.

ಅದರ ಮ್ಯಾಲೂ ಮಿಸ್ಸಿಂಗ್ ಇದ್ರ ಏರ್ ತಗೋಳಾಕತ್ತೈತೇನು ನೋಡು. ಫಿಲ್ಟರ್‌ನಿಂದ ಪಂಪಿಗೆ ಹೋಗೂ ಪೈಪಿನ್ಯಾಗ ಒಂದ್ ಗೇಣು ಡೀಸೆಲ್ ತಡಿಯೂ ಟ್ರಾನ್ಸ್‌ಪರೆಂಟ್ ಪೈಪ್ ಹಾಕಸು, ಗುಳ್ಳಿ ಓಡಾಡಿದ್ರ ಎಲ್ಲೋ ಕ್ಲಿಪ್ ಸಡ್ಲ ಐತಿ ಇಲ್ಲಾ ಪೈಪ್ ಸೀಳೈತಿ. ಇಂಜೆಕ್ಟರ್ ಎಲ್ಲಾದ್ರ ಕಡಿಗೆ ನೋಡೂದು. ಅದಕ್ಕೂ ಬಿಚ್ಚೂದು ಬ್ಯಾಡ, ನಾಕೂ ಇಂಜೆಕ್ಟರ್‌ನಿಂದ ಉಳಿದ ಡೀಸೆಲ್ ವಾಪಸ್ ಒಯ್ಯೂ ರಿಟರ್ನ್ ಪೈಪಿಗೆ ನಾಕು ಒಂದೇ ಅಳತಿ ಬಾಟಲಿ ಹಚ್ಚಿ ಸ್ವಲ್ಪ ಹೊತ್ತು ಚಾಲೂ ಬಿಡ್ತಾರ, ಯಾವ ಬಾಟಲಿ ಉಳಿದಾವಕಿಂತ ಬಹಳ ತುಂಬ್ತೈತಿ ಆ ಒಂದು ಇಂಜೆಕ್ಟರ್ ಸವದೈತಿ, ಅದನ್ನಷ್ಟ ಮಾಡಸು, ನಾಕೂ ಯಾಕ?

ಅಣ್ಣಾ ಒಂದು ಮಾತು ನೆನಪಿಟ್ಕೊ, ಇಂಜಿನ್ ಚಾಲೂ ಇದ್ದಾಗ ಇಂಜೆಕ್ಟರ್ ಪೈಪಿನ ನಟ್ ಸಡ್ಲ ಮಾಡಾಕ ಯಾರಿಗೂ ಬಿಡಬ್ಯಾಡ. ಅಪ್ಪನ ಹಳೇ ಟ್ರ್ಯಾಕ್ಟರಿಗೆ ಹಂಗ ಮಾಡಿ ಮಿಸ್ಸಿಂಗ್ ಹುಡುಕ್ತಿದ್ರು, ಖರೆ. ನಿನ್ನ ಪಿಕಪ್ ಕಾಮನ್ ರೇಲ್ ಐತಿ, ಅಂದ್ರ ರೇಲ್ ಅನ್ನೂ ಒಂದೇ ದಪ್ಪ ಪೈಪಿನಿಂದ ನಾಕೂ ಇಂಜೆಕ್ಟರಿಗೆ ಭಾರಿ ಪ್ರೆಶರ್‌ನ್ಯಾಗ ಡೀಸೆಲ್ ಹೋಗ್ತೈತಿ, ಟೈರಿನ್ಯಾಗ ಹವಾ 2-4 ಬಾರ್ ಇದ್ರ ಆ ಪೈಪಿನ್ಯಾಗ ಡೀಸೆಲ್ 1000 ಬಾರ್ ದಾಟ್ತೈತಿ, ಚರ್ಮ ಸೀಳಿ ಒಳಗ ಹೋಗ್ತೈತಿ, ಬೆರಳು ಕೈ ಕಳ್ಕೊಂಡವ್ರು ಅದಾರ.

ಇಲ್ಲಿ ಮೊನ್ನೆ ಮೀನು ಹೇರೂ ಒಬ್ಬನ ಪೆಟ್ರೋಲ್ ಪಿಕಪ್ ಬಂದಿತ್ತು, ಬ್ಯಾರೆ ಕಡೆ ಪ್ಲಗ್, ಫ್ಯೂಯೆಲ್ ಪಂಪ್ ಎಲ್ಲಾ ಹೊಸಾವ ಹಾಕಿದ್ರು, ಮಿಸ್ಸಿಂಗ್ ಹಂಗ ಇತ್ತು. ನಾ ಗಾಡಿ ಕಂಪ್ಯೂಟರ್ ಓದೂ ಸ್ಕ್ಯಾನರ್ ಹಚ್ಚಿದ್ರ ಪಿ0302 ಕೋಡ್ ಬಂತು, ಅಂದ್ರ ಎರಡನೇ ಸಿಲಿಂಡರ್ ಮಿಸ್ ಆಗಾಕತ್ತೈತಿ. ಎರಡನೇದರ ಕಾಯಿಲ್ (ಪ್ಲಗ್ಗಿಗೆ ಕರೆಂಟ್ ಕೊಡೂದು) ಮೂರಕ್ಕ ಹಾಕಿ ಮೂರನೇದು ಎರಡಕ್ಕ ಹಾಕಿ ಕೋಡ್ ಅಳಿಸಿ ಓಡಿಸಿದೆ, ಪಿ0303 ಆತು. ಕಾಯಿಲ್ ಹೋದ ಕಡೇನ ಮಿಸ್ಸಿಂಗೂ ಹೋತು, ಅಂದ್ರ ಕೆಟ್ಟಿದ್ದು ಆ ಕಾಯಿಲ್ಲೇ. ಒಂದು ಕಾಯಿಲ್‌ನ್ಯಾಗ ಮುಗೀತು, ಆ ಮನುಷ್ಯಾ ನನ್ನ ಕೈ ಹಿಡಕೊಂಡು ಬಿಡವಲ್ಲ. ಅವನ ಮಾರಿ ನೋಡಿ ನೀನ ನೆನಪಾದಿ.

ಡೀಸೆಲ್ ಗಾಡಿಗೆ ಕಿಡಿ ಹೊಡಿಯೂ ಪ್ಲಗ್ಗು ಕಾಯಿಲ್ ಇರಂಗಿಲ್ಲ, ಆದ್ರ ಸ್ಕ್ಯಾನರ್ ನಿಂದಕ್ಕೂ ಹಚ್ಚಸು. ಪಿ0087 ಬಂದ್ರ ರೇಲ್‌ನ್ಯಾಗ ಪ್ರೆಶರ್ ಕಡಿಮಿ ಐತಿ ಅಂತ ಅರ್ಥ, ನನ್ನ ಫಿಲ್ಟರ್ ಡೌಟಿಗೆ ಇನ್ನೂ ಬಲ ಬರ್ತೈತಿ. ಹೊಗಿ ಬಣ್ಣಾನೂ ನೋಡಿ ಹೇಳು, ಕರಿ ಹೊಗಿ ಏನು ಬಿಳಿ ಹೊಗಿ ಏನು.

ಫಿಲ್ಟರಿಗೆ, ಟ್ಯಾಂಕ್ ತೊಳಸಾಕ ಬೇಕಾದ ರೊಕ್ಕ ನಾಳೆ ಹಾಕ್ತೀನಿ. ಅಲ್ಲೀತನಕ ಲೋಡ್ ಹಾಕ್ಬ್ಯಾಡ, ಲಿಂಬಿಕಾಯಿ ಒಂದೆರಡು ದಿನ ಬಾಡಿಗಿ ಗಾಡ್ಯಾಗ ಕಳಿಸು. ಬಾಟಲಿ ಫೋಟೋ ತಗದು ಮುಂಜಾನೇನ ಕಳಿಸು, ಇಲ್ಲಿ ಟೈಮ್ ನಿಮಕಿಂತ ಒಂದೂವರೆ ತಾಸು ಹಿಂದ ಐತಿ, ಮಲ್ಕೊಂಡಿರ್ತೀನಿ ಅನ್ಬ್ಯಾಡ, ಎದ್ದು ನೋಡ್ತೀನಿ.

ಅವ್ವಗ ಮಣಕಾಲ ನೋವಿನ ಎಣ್ಣಿ ತಗೊಂಡೀನಿ ಅಂತ ಹೇಳು.

ನಿನ್ನ ತಮ್ಮ