ಮೊದಲು ಮೆಣಸಿನಕಾಯಿ ತೋರಿಸು, ಆಮೇಲೆ ಸ್ಲೈಡ್

ಪ್ರೀತಿಯ ದೋಸ್ತ,

ನೀನು ಕಳಿಸಿದ ಸ್ಲೈಡ್ ನೋಡಿದೆ. ಹತ್ತು ನಿಮಿಷದ ಮಾತಿಗೆ 28 ಸ್ಲೈಡ್! ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಭೆಯಲ್ಲಿ ಮಾತಾಡೋದು ಅಂದ ತಕ್ಷಣ ಗೊತ್ತಿರೋದನ್ನೆಲ್ಲ ತುರುಕಬೇಕು ಅನಿಸುತ್ತೆ, ನಿಜ. ಆದರೆ ಬ್ಯಾಡಗಿ ಮೆಣಸಿನಕಾಯಿಯ ಇತಿಹಾಸ, ಬೀಜ, ರೋಗ, ರೇಟು, ರಫ್ತು ಎಲ್ಲ ಒಟ್ಟಿಗೆ ಸುರಿದರೆ ಕೇಳಿದವರಿಗೆ ಒಂದೂ ನೆನಪಿರೋದಿಲ್ಲ.

ಲ್ಯಾಪ್‌ಟಾಪ್ ಮುಚ್ಚಿಡು. ಸಭೆ ಮುಗಿದ ಮೇಲೆ ಹೊರಗೆ ಚಹಾ ಕುಡಿಯುವಾಗ, 'ಆ ಬ್ಯಾಡಗಿಯವ ಏನ್ ಹೇಳಿದ?' ಅಂತ ಯಾರಾದರೂ ಕೇಳ್ತಾರೆ ಅಂದುಕೋ. ಉತ್ತರ ಏನಿರಬೇಕು? ಅದನ್ನು ಒಂದೇ ಸಾಲಿನಲ್ಲಿ ಬರೆ. ನಿನ್ನ ಸ್ಲೈಡ್‌ಗಳಲ್ಲಿ ನನಗೆ ಸಿಕ್ಕ ಸಾಲು ಇದು: ನಮ್ಮ ಕಾಯಿಗೆ ಬೆಲೆ ಬರೋದು ಖಾರದಿಂದಲ್ಲ, ಬಣ್ಣದಿಂದ, ಆ ಬಣ್ಣವನ್ನು ನಾವು ಕಳೆದುಕೊಳ್ಳೋದು ಒಣಗಿಸುವಾಗ ಮತ್ತು ಕೂಡಿಡುವಾಗ. ಇದಕ್ಕೆ ಸಂಬಂಧ ಇಲ್ಲದ್ದನ್ನು ತೆಗೆದುಬಿಡು. 2011ರಲ್ಲಿ ಜಿಐ ಟ್ಯಾಗ್ (ಇದು ಈ ಸೀಮೆಯದೇ ಕಾಯಿ ಅನ್ನೋ ಅಧಿಕೃತ ಗುರುತು) ಸಿಕ್ಕಿದ್ದಕ್ಕೆ ಒಂದು ವಾಕ್ಯ ಸಾಕು. ರೋಗಗಳ ಆ ಉದ್ದನೆಯ ಪಟ್ಟಿ ಪೂರ್ತಿ ಬೇಡ, ಬೇಜಾರಾಗಬೇಡ.

ಶುರುವಿನಲ್ಲಿ 'ಈ ಅವಕಾಶ ಕೊಟ್ಟ ಎಲ್ಲರಿಗೂ...' ಅಂತ ಎರಡು ನಿಮಿಷ ಕಳೀಬೇಡ. ಗಣ್ಯರ ಹೆಸರನ್ನೆಲ್ಲ ನಿರೂಪಕರು ಅಷ್ಟೊತ್ತಿಗೆ ಎರಡು ಸಲ ಹೇಳಿರ್ತಾರೆ. ನಮಸ್ಕಾರ ಮಾಡು, ಎರಡು ಕಾಯಿ ಎತ್ತಿ ಹಿಡಿ. ಒಂದು ಕೈಯಲ್ಲಿ ಈ ಹಂಗಾಮಿನ ಡಬ್ಬಿ ಅನ್ನೋ ಬ್ಯಾಡಗಿ ತಳಿಯ ಕಾಯಿ: ಗಿಡ್ಡ, ದಪ್ಪ, ಮೈಯೆಲ್ಲ ಸುಕ್ಕು, ಕಡುಗೆಂಪು. ಇನ್ನೊಂದರಲ್ಲಿ ಅದೇ ಡಬ್ಬಿ, ಆದರೆ ಹಿಂದಿನ ವರ್ಷದಿಂದ ಚೀಲದಲ್ಲಿ ಹೊರಗೇ ಬಿದ್ದು ಮಾಸಿದ್ದು. 'ಎರಡೂ ಒಂದೇ ಹೊಲದ್ದು. ಇದರ ಬಣ್ಣ ಎಲ್ಲಿ ಹೋಯ್ತು?' ಅಂತ ಕೇಳಿ ಸುಮ್ನೆ ನಿಂತುಬಿಡು. ಮನಸ್ಸಿನಲ್ಲೇ ಮೂರು ಎಣಿಸು. ನಿನಗೆ ಆ ಮೌನ ಜಾಸ್ತಿ ಆಯ್ತು ಅನಿಸುತ್ತೆ, ಕೂತವರಿಗೆ ಅನಿಸೋದಿಲ್ಲ. ಫೋನ್ ನೋಡ್ತಿದ್ದವರೂ ತಲೆ ಎತ್ತುತ್ತಾರೆ. (ಕಾಯಿ ನಿಜವಾಗಿಯೂ ಒಂದೇ ಹೊಲದ್ದಿರಲಿ. ಮುಂದೆ ಕೂತ ರೈತರು ಕೈಗೆ ತಗೊಂಡು ಮುರಿದು ನೋಡೋ ಪೈಕಿ.)

ಆಮೇಲೆ ಉತ್ತರಕ್ಕೆ ಬಾ. ಬೆಳಕು, ಶೆಕೆ, ತೇವ ಸೇರಿ ಬಣ್ಣ ಹೇಗೆ ಕೆಡುತ್ತೆ, ಬ್ಯಾಡಗಿಯ ಸುತ್ತ ಅಷ್ಟೊಂದು ಕೋಲ್ಡ್ ಸ್ಟೋರೇಜ್ ಯಾಕೆ ಎದ್ದಿವೆ, ಅದನ್ನು ಹೇಳು. ಆ ಕೆಂಪು ಬಣ್ಣದ ಅಂಶಕ್ಕಿರೋ ಕ್ಯಾಪ್ಸಾಂಥಿನ್ ಅನ್ನೋ ಹೆಸರನ್ನು ವಿಜ್ಞಾನಿಗಳಿಗಾಗಿ ಒಂದು ಸಲ ಹೇಳಿ ಬಿಡು. ಕಾಯಿಯಿಂದ ತೆಗೆದ ಗಟ್ಟಿ ಸಾರ, ಅಂದರೆ ಓಲಿಯೋರೆಸಿನ್, ತಿನ್ನೋ ಪದಾರ್ಥಗಳಿಗೆ ಬಣ್ಣ ಕೊಡೋಕೆ ಹೋಗುತ್ತೆ ಅಂದರೆ ಉಳಿದವರಿಗೆ ಅರ್ಥ ಆಗುತ್ತೆ.

ನೀನು ಸ್ಲೈಡ್ ಮಾಡಿರೋದು ಕನ್ನಡ ಟೈಪಿಂಗ್‌ನ 'ನುಡಿ' ತಂತ್ರಾಂಶದ ಹಳೇ ಫಾಂಟ್‌ನಲ್ಲಿ. ನನ್ನ ಫೋನಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ. ಆಫೀಸಿನ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇತ್ತು, ಅದಕ್ಕೇ ಓದೋಕಾಯ್ತು. ಸಭೆಯ ಕಂಪ್ಯೂಟರ್‌ನಲ್ಲಿ ಇರುತ್ತೆ ಅಂತ ಏನು ಗ್ಯಾರಂಟಿ? ಯೂನಿಕೋಡ್‌ಗೆ ಬದಲಿಸು. ಒಂದು ಪಿಡಿಎಫ್ ಮಾಡಿ ಪೆನ್‌ಡ್ರೈವ್‌ನಲ್ಲೂ ಮೇಲ್‌ನಲ್ಲೂ ಇಟ್ಟುಕೋ. ಕರೆಂಟೇ ಹೋದರೂ ಕಾಯಿ ಕೈಯಲ್ಲೇ ಇರುತ್ತಲ್ವಾ.

ಬಾಯಿಪಾಠ ಮಾತ್ರ ಮಾಡಬೇಡ. ಒಂದು ಪದ ತಪ್ಪಿದರೆ ಮುಂದಿನದೆಲ್ಲ ಕೈಕೊಡುತ್ತೆ. ಮೊದಲ ಎರಡು ವಾಕ್ಯ, ಕೊನೆಯ ಎರಡು ವಾಕ್ಯ ಗಟ್ಟಿ ಇದ್ದರೆ ಸಾಕು. ನಡುವಿನದಕ್ಕೆ ಚೀಟಿಯಲ್ಲಿ ನಾಲ್ಕು ಪದ ಬರೆದಿಟ್ಟುಕೋ. ಮನಸ್ಸಿನಲ್ಲಿ ಓದಿಕೊಂಡರೆ ಅದು ತಯಾರಿ ಅಲ್ಲ. ಎದ್ದು ನಿಂತು, ಜೋರಾಗಿ, ಫೋನಿನಲ್ಲಿ ಟೈಮರ್ ಹಚ್ಚಿ ಹೇಳು. ಎಂಟು ನಿಮಿಷಕ್ಕೆ ಮುಗಿಯಲಿ, ವೇದಿಕೆ ಮೇಲೆ ಹೇಗೂ ಎಳೆಯುತ್ತೆ. ಮತ್ತೆ ಟಿವಿಯವರ ಹಾಗೆ ಮಾತಾಡೋಕೆ ಹೋಗಬೇಡ. ನಿನ್ನ 'ನೋಡ್ರಿ', 'ಹೌದ್ರಿ' ಹಾಗೇ ಇರಲಿ.

ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ 'ಗೊತ್ತಿಲ್ರಿ, ಕೇಳಿ ತಿಳಿಸ್ತೀನಿ' ಅನ್ನು. ರೇಟಿನ ಬಗ್ಗೆ ಯಾರಾದರೂ ಒಬ್ಬರು ಎದ್ದು ಭಾಷಣ ಶುರು ಮಾಡೇ ಮಾಡ್ತಾರೆ. ವಾದಕ್ಕೆ ಇಳಿಯಬೇಡ. ಪೂರ್ತಿ ಕೇಳು, ಬಣ್ಣ ಉಳಿಸಿಕೊಂಡರೆ ರೇಟಿಗೆ ಏನು ಅನುಕೂಲ ಅಂತ ಹೇಳಿ ನಿನ್ನ ಸಾಲಿಗೇ ಮರಳು.

ಹಿಂದಿನ ದಿನವೇ ಹುಬ್ಬಳ್ಳಿಗೆ ಬಾ, ನಮ್ಮ ಮನೆಯಲ್ಲೇ ಇರು. ಬೆಳಿಗ್ಗೆ ಚಿಗರಿ ಬಸ್ ಹಿಡಿದು ಧಾರವಾಡಕ್ಕೆ ಹೋಗೋಣ. ರಾತ್ರಿ ಊಟಕ್ಕೆ ಮುಂಚೆ ನಮ್ಮೆದುರು ಒಂದು ಸಲ ಮಾತಾಡು. ಪ್ರಶ್ನೆ ಕೇಳೋಕೆ ಅಪ್ಪ ಈಗಲೇ ತಯಾರಾಗಿದ್ದಾರೆ. ರೇಟು ಬಿಟ್ಟು ಅವರು ಬೇರೇನೂ ಕೇಳೋದಿಲ್ಲ, ಹೇಳಿಟ್ಟಿರ್ತೀನಿ.

ನಿನ್ನ,
ಹುಬ್ಬಳ್ಳಿ ದೋಸ್ತ