ಶಾಪದ ಒಪೆರಾ ಬರೆಯುತ್ತಿರುವ ಗೆಳೆಯನಿಗೆ

ಕಾಸರಗೋಡು

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಕಾದಂಬರಿಯ ಅಧ್ಯಾಯಗಳನ್ನೆಲ್ಲ ಓದಿ ಮುಗಿಸಿದೆ. ನಿನ್ನ ಸರವೇಲಿ ನಗರ ಕಣ್ಣಿಗೆ ಕಟ್ಟಿತು ಮಾರಾಯ. ಉಪ್ಪಿನ ಸರೋವರ, ಎರಡು ಚಂದ್ರ, ಆಚೆ ದಡದ ಒಪೆರಾ ಮಂದಿರ, ಎಲ್ಲ ಚಂದ ಬಂದಿದೆ. ಆದರೆ ಕಥೆಯ ಜೀವ ಇರುವುದು ‘ಬೂದಿಯ ಮದುವೆ’ಯಲ್ಲಿ, ಅಲ್ವಾ? ಆ ಒಪೆರಾದ ಕೊನೆಯ ಹಾಡು ಹಾಡಿದವರು ಉಳಿಯುವುದಿಲ್ಲ ಅಂತ ಊರಿಗೆ ಊರೇ ನಂಬಿದೆ. ನನಗೆ ಸಮಾಧಾನ ಆಗದೆ ಇದ್ದದ್ದು ಅಲ್ಲೇ. ಒಬ್ಬಳು ಮಾಟಗಾತಿ ಬಂದಳು, ಶಪಿಸಿದಳು, ಹೋದಳು. ಎರಡು ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀಯ. ಒಬ್ಬರ ಬಾಯಿಂದ ಬಂದ ಮಾತು ಅಷ್ಟು ವರ್ಷ ಬಾಳುವುದಿಲ್ಲ. ಅದನ್ನು ಊರಿನವರು ಸೇರಿ ಸಾಕಬೇಕು. ಯಾಕೆ ಸಾಕಿದರು ಅನ್ನುವುದನ್ನು ನೀನು ಬರೆಯಬೇಕು.

ವಿಯೆನ್ನಾದಲ್ಲಿ ನಡೆದದ್ದನ್ನು ಹೇಳುತ್ತೇನೆ, ಕೇಳು. ಸಂಗೀತ ರಚನೆಕಾರ ಆಫೆನ್‌ಬಾಕ್ ‘ಹಾಫ್‌ಮನ್‌ನ ಕಥೆಗಳು’ ಎಂಬ ಒಪೆರಾ ಬರೆಯುತ್ತಿದ್ದ. ಮುಗಿಸುವ ಮೊದಲೇ 1880ರ ಅಕ್ಟೋಬರಿನಲ್ಲಿ ತೀರಿಕೊಂಡ. ಉಳಿದದ್ದನ್ನು ಬೇರೆಯವರು ಪೂರ್ತಿ ಮಾಡಿ 1881ರ ಫೆಬ್ರವರಿಯಲ್ಲಿ ಪ್ಯಾರಿಸಿನಲ್ಲಿ ಆಡಿದರು. ಅದೇ ವರ್ಷ ಡಿಸೆಂಬರ್ 7ಕ್ಕೆ ವಿಯೆನ್ನಾದ ರಿಂಗ್ ಥಿಯೇಟರಿನಲ್ಲಿ ಶುರುವಾಯಿತು. ಮರುದಿನ ಎರಡನೇ ಆಟ. ಜನ ಬಂದು ಕೂತಿದ್ದರು, ಪರದೆ ಇನ್ನೂ ಎದ್ದಿರಲಿಲ್ಲ. ರಂಗದ ಮೇಲಿನ ಗ್ಯಾಸ್ ದೀಪಗಳನ್ನು ಹೊತ್ತಿಸುವಾಗ ಸೋರಿದ್ದ ಗ್ಯಾಸಿಗೆ ಬೆಂಕಿ ಹಿಡಿಯಿತು. ಮೇಲೆ ತೂಗಿಸಿದ್ದ ಬಟ್ಟೆಗಳಿಗೆ ಹತ್ತಿತು. ಗ್ಯಾಸ್ ಬಂದ್ ಮಾಡಿದಾಗ ಇಡೀ ಕಟ್ಟಡ ಕತ್ತಲಾಯಿತು. ಇಂಥ ಹೊತ್ತಿಗೇ ಬೇಕೆಂದು ಇಟ್ಟಿದ್ದ ಎಣ್ಣೆ ದೀಪಗಳನ್ನು ಹಚ್ಚಿಯೇ ಇರಲಿಲ್ಲ. ಬಾಗಿಲುಗಳು ಒಳಕ್ಕೆ ತೆರೆಯುವಂಥವು. ಹಿಂದಿನಿಂದ ಜನ ಒತ್ತಿದಷ್ಟೂ ಅವು ಮುಚ್ಚಿಕೊಂಡೇ ಉಳಿದವು. ಹೊರಗೆ ನಿಂತಿದ್ದ ಪೊಲೀಸ್ ಅಧಿಕಾರಿ “ಎಲ್ಲರೂ ಪಾರಾಗಿದ್ದಾರೆ” ಅಂದ. ಅವನು ಹಾಗೆ ಹೇಳುವಾಗ ಒಳಗೆ ನೂರಾರು ಜನ ಇದ್ದರು. ಸರಕಾರದ ಲೆಕ್ಕದಲ್ಲಿ ಸತ್ತವರು 384.

ಕೆಟ್ಟ ಹೆಸರು ಬಂದದ್ದು ಯಾರಿಗೆ ಗೊತ್ತುಂಟಾ? ಒಪೆರಾಕ್ಕೆ. ಆ ರಾತ್ರಿ ಇನ್ನೂ ಒಂದು ಸ್ವರ ಕೂಡ ನುಡಿಸಿರದ ಒಪೆರಾಕ್ಕೆ! ವಿಯೆನ್ನಾದ ಆಸ್ಥಾನ ಒಪೆರಾದಲ್ಲಿ ಅಲ್ಲಿನ ನಿರ್ದೇಶಕ ಮಾಹ್ಲರ್ ಅದನ್ನು ಆಡಿಸಿದ್ದು 1901ರಲ್ಲಿ, ಬೆಂಕಿ ಆಗಿ ಇಪ್ಪತ್ತು ವರ್ಷ ಕಳೆದ ಮೇಲೆ. 1887ರಲ್ಲಿ ಪ್ಯಾರಿಸಿನಲ್ಲಿ ಅದು ಮೊದಲು ಆಡಿದ್ದ ಥಿಯೇಟರೂ ಸುಟ್ಟುಹೋಯಿತು. ಆ ರಾತ್ರಿ ಅಲ್ಲಿ ನಡೆಯುತ್ತಿದ್ದದ್ದು ಬೇರೆಯೇ ಒಪೆರಾ. ಆದರೂ ಶಾಪದ ಕಥೆ ಹೇಳುವವರು ಅದನ್ನೂ ಇದರ ಲೆಕ್ಕಕ್ಕೇ ಸೇರಿಸುತ್ತಾರೆ.

ವೆರ್ಡಿಯ ‘ವಿಧಿಯ ಬಲ’ ಎಂಬ ಒಪೆರಾದ ಹೆಸರನ್ನು ಬಾಯಲ್ಲಿ ಹೇಳಲೂ ಹೆದರುವ ಗಾಯಕರು ಇದ್ದಾರೆ. 1960ರ ಮಾರ್ಚ್ 4ರಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಗಾಯಕ ಲಿಯೊನಾರ್ಡ್ ವಾರನ್ ಅದನ್ನು ಹಾಡುತ್ತ ರಂಗದ ಮೇಲೆಯೇ ಕುಸಿದು ತೀರಿಕೊಂಡ. ಅವನು ಆಗಷ್ಟೇ ಮುಗಿಸಿದ ಹಾಡು ಶುರುವಾಗುವುದೇ ‘ಸಾಯುವುದು, ಘೋರವಾದದ್ದು’ ಎಂಬ ಮಾತಿನಿಂದ. ಇಂಥದ್ದು ಕೇಳಿದಾಗ ನನಗೂ ಮೈ ಜುಂ ಅನ್ನುತ್ತದೆ. ಆ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ನಿನ್ನ ಕಥೆಯಲ್ಲೂ ಅದು ಇರಲಿ. ಆದರೆ ಬಾಗಿಲ ಕಥೆಯೂ ಜೊತೆಯಲ್ಲಿ ಇರಬೇಕು.

ನಾವು ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು. ಆಟ ನೋಡಿಯೇ ದೊಡ್ಡವರಾದವರು. ದೇವಿ ಮಹಾತ್ಮೆಯಲ್ಲಿ ಮಹಿಷಾಸುರ ಬರುವುದನ್ನು ನೆನಪು ಮಾಡಿಕೊ. ರಂಗಸ್ಥಳದ ಹಿಂದಿನಿಂದ ಅಲ್ಲ, ದೂರದ ಗದ್ದೆಯ ಕಡೆಯಿಂದ, ಜನರ ನಡುವೆಯೇ ಬರುತ್ತಾನೆ. ಎರಡೂ ಬದಿಯಲ್ಲಿ ದೊಂದಿ. ದೊಂದಿಗೆ ರಾಳದ ಹುಡಿ ಎಸೆದಾಗ ಬೆಂಕಿ ಬುಸ್ಸೆಂದು ಮೇಲೇಳುತ್ತದೆ. ಮಕ್ಕಳು ಚೀರುತ್ತಾರೆ, ಜನ ಎದ್ದು ದಾರಿ ಬಿಡುತ್ತಾರೆ. ಅಷ್ಟು ಬೆಂಕಿ, ಅಷ್ಟು ಜನ, ಆದರೂ ಯಾರೂ ಸಿಕ್ಕಿಬೀಳುವುದಿಲ್ಲ. ಬಯಲಾಟಕ್ಕೆ ಬಾಗಿಲೇ ಇಲ್ಲವಲ್ಲ! ನಿನ್ನ ಪುಸ್ತಕ ಓದುವಾಗ ನನಗೆ ಪದೇ ಪದೇ ಹೊಳೆದದ್ದು ಇದೇ. ನಿನ್ನ ಒಪೆರಾ ನಡೆಯುವುದು ನಾಲ್ಕು ಗೋಡೆಗಳ ಒಳಗೆ. ಅಲ್ಲೂ ಹಿಂದೊಮ್ಮೆ ಬೆಂಕಿ ಬಿದ್ದಿತ್ತು ಅಂತ ಇಟ್ಟುಕೊ. ಆ ಗೋಡೆ ಕಟ್ಟಿಸಿದವರು ಯಾರು? ಬಾಗಿಲಲ್ಲಿ ದುಡ್ಡು ಉಳಿಸಿದವರು ಯಾರು? ಬೆಂಕಿಯ ಮರುದಿನ ಬೆಳಗ್ಗೆ ಶಾಪ ಎಂಬ ಮಾತನ್ನು ಮೊದಲು ಆಡಿದವರು ಯಾರು? ಹಾಡು ಬರೆದವನು ಸತ್ತಿದ್ದಾನೆ. ಅವನ ತಲೆಗೆ ಕಟ್ಟಿದರೆ ಎದುರು ಮಾತಾಡುವವರಿಲ್ಲ.

ಇನ್ನೊಂದು ಮಾತು. ನಿನ್ನ ಗಾಯಕಿಯರು ನೇರ ರಂಗಕ್ಕೆ ಬಂದು, ಹಾಡಿ, ಸತ್ತುಹೋಗುತ್ತಾರೆ. ಅದಕ್ಕೆ ಮೊದಲು ಅವರು ಎಂತ ಮಾಡುತ್ತಾರೆ? ನಮ್ಮವರು ವೇಷ ಕಟ್ಟುವ ಚೌಕಿಯನ್ನು ನೋಡು. ದೇವರ ಮುಂದೆ ದೀಪ ಉರಿಯುತ್ತಿರುತ್ತದೆ. ರಾಕ್ಷಸರಾಗುವ ಬಣ್ಣದ ವೇಷದವರು ಕನ್ನಡಿ ಹಿಡಿದು ಮುಖಕ್ಕೆ ಅಕ್ಕಿ ಹಿಟ್ಟಿನ ಚುಟ್ಟಿ ಇಡುತ್ತಾರೆ, ಒಂದೊಂದೇ ಮುಳ್ಳು, ಗಂಟೆಗಟ್ಟಲೆ. ಆ ಹೊತ್ತಿನಲ್ಲಿ ಮಾತು ಕಡಿಮೆ. ವೇಷ ಕಟ್ಟಿ ಎದ್ದವರು ದೇವರಿಗೆ ಕೈ ಮುಗಿದೇ ರಂಗಸ್ಥಳಕ್ಕೆ ಹೊರಡುವುದು. ಭಯ, ಭಕ್ತಿ, ಕಸುಬು ಮೂರೂ ಅಲ್ಲಿ ಕಲಸಿಹೋಗಿರುತ್ತವೆ. ಸರವೇಲಿಯವರಿಗೂ ಅವರದ್ದೇ ಆದ ಪದ್ಧತಿ ಕೊಡು. ನಮ್ಮದನ್ನು ಎತ್ತಿ ಅಲ್ಲಿಡಬೇಡ, ಅವರ ಉಪ್ಪು, ಅವರ ಚಂದ್ರರಿಂದ ಹುಟ್ಟಿಸು. ಕೊನೆಯ ಹಾಡಿನ ಹಾಳೆಯನ್ನು ಯಾರು ಮುಟ್ಟಬಹುದು? ದೀಪ ಹಚ್ಚುವ ಹುಡುಗ ಆ ರಾತ್ರಿ ಮನೆಯಲ್ಲಿ ಏನು ಹೇಳಿ ಬರುತ್ತಾನೆ? ಆ ಹುಡುಗನಿಗೆ ನೀನು ಹೆಸರು ಕೂಡ ಇಟ್ಟಿಲ್ಲ. ನನಗಂತೂ ರಾಜಕುಮಾರನಿಗಿಂತ ಅವನ ಬಗ್ಗೆಯೇ ಜಾಸ್ತಿ ತಿಳಿಯಬೇಕು ಅನಿಸಿತು.

ಮತ್ತೆ ನಿನ್ನ ಗಾಯಕಿ ತಮಿರಾ. ನಾಯಕನ ಮೇಲಿನ ಪ್ರೀತಿಗಾಗಿ ಅವಳು ಕೊನೆಯ ಹಾಡು ಹಾಡಲು ಒಪ್ಪುತ್ತಾಳೆ ಅಂತ ಬರೆದಿದ್ದೀಯ. ಅವಳು ಅದಕ್ಕಿಂತ ದೊಡ್ಡವಳು ಮಾರಾಯ. ಅವಳು ಹಾಡುತ್ತೇನೆ ಅನ್ನಲಿ, ಆದರೆ ಒಂದು ಷರತ್ತು ಹಾಕಲಿ: ಮಂದಿರದ ಬಾಗಿಲುಗಳು ಹೊರಕ್ಕೆ ತೆರೆಯುವ ಹಾಗೆ ಆಗಬೇಕು. ನಗರಸಭೆ ಒಪ್ಪುವುದಿಲ್ಲ. ಒಪ್ಪಿದರೆ ಹಳೆಯ ಬೆಂಕಿಯ ತಪ್ಪು ತಮ್ಮದೇ ಅಂದ ಹಾಗೆ ಆಗುತ್ತದಲ್ಲ. ಜಗಳ ಅಲ್ಲಿಂದ ಶುರುವಾಗಲಿ. ಬಡಗಿಗಳು ಬಂದು ಬಾಗಿಲು ಬಿಚ್ಚುವ ದಿನವೇ ನಿನ್ನ ಕಾದಂಬರಿಯ ದೊಡ್ಡ ದಿನ. ಆಮೇಲೆ ಅವಳು ಹಾಡುವಾಗ ಗಂಟಲು ನಡುಗಿದರೆ ನಡುಗಲಿ. ಶಾಪ ನಿಜವೋ ಸುಳ್ಳೋ ಅಂತ ನೀನು ಬಾಯಿಬಿಟ್ಟು ಹೇಳುವುದೇ ಬೇಡ.

ಮಾಟಗಾತಿಯ ಎರಡು ಸಾಲು ತೆಗೆದುಬಿಡು. ಬೆಂಕಿಯ ರಾತ್ರಿಯದ್ದೇ ಒಂದು ಅಧ್ಯಾಯ ಬರೆದು ಕಳಿಸು. ಪತ್ತನಾಜೆಗೆ ಮೇಳದವರು ವರ್ಷದ ಆಟ ಮುಗಿಸಿ ಗೆಜ್ಜೆ ಬಿಚ್ಚುವ ಮೊದಲು ಊರಿಗೆ ಬಂದರೆ ಒಂದು ಆಟಕ್ಕೆ ಹೋಗೋಣ. ಚೌಕಿಯಲ್ಲಿ ಕೂರಲು ನಾನು ಕೇಳಿಟ್ಟಿರುತ್ತೇನೆ.

ಇಂತಿ ನಿನ್ನ ಗೆಳೆಯ