ಕಾಗದದ ಹಿಂದೆ ರಿಜಿಸ್ಟರ್ ಇದೆಯೇ?

ಅಮೆರಿಕದ ನಮ್ಮ ಬಳಗದಲ್ಲಿ ತುಮಕೂರು ಸೀಮೆಯವರು ಬಹಳ. ಅಪ್ಪ-ಅಮ್ಮ ತಿಪಟೂರು, ಗುಬ್ಬಿ, ಶಿರಾ, ಮಧುಗಿರಿಯಲ್ಲಿ, ಮಕ್ಕಳು ಇಲ್ಲಿ. ನಡುವೆ ಓಡಾಡುವುದು ಕ್ರಯಪತ್ರ, ಮಾರ್ಕ್ಸ್ ಕಾರ್ಡ್, ಜನನ ಪತ್ರ, ಜಿಪಿಎ (ನಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ). ಇವು ನೆನೆದೋ ಹರಿದೋ ಕೈಸೇರಿದಾಗ ಮೊದಲು ಬರುವ ಮಾತು, "ಒರಿಜಿನಲ್ಲೇ ಹೋಯ್ತಲ್ಲ" ಎಂಬುದು. ಆದರೆ ಎಲ್ಲ ಒರಿಜಿನಲ್‌ಗಳ ತೂಕ ಒಂದೇ ಅಲ್ಲ. ಆ ಕಾಗದದ ಹಿಂದೆ ಯಾವುದಾದರೂ ಕಚೇರಿಯಲ್ಲಿ ರಿಜಿಸ್ಟರ್ ಇದೆಯೇ ಎಂದು ಕೇಳಿಕೊಳ್ಳಿ. ಇದ್ದರೆ ದುಡ್ಡು, ಓಡಾಟ ಖರ್ಚಾದೀತು, ಹಕ್ಕು ಹೋಗದು. ಇಲ್ಲದಿದ್ದರೆ ಇರುವ ಒಂದೇ ಪ್ರತಿಯನ್ನು ಅಂಚೆಗೆ ಹಾಕುವುದೇ ತಪ್ಪು. ಬರುವವರ ಕೈಯಲ್ಲಿ ಕಳಿಸಬೇಕು.

ನೋಂದಾಯಿತ ಕ್ರಯಪತ್ರಕ್ಕೆ ರಿಜಿಸ್ಟರ್ ಇದೆ. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ 1ನೇ ಪುಸ್ತಕದಲ್ಲಿರುವ, ಎಂದರೆ ಸ್ಥಿರಾಸ್ತಿಯ ರಿಜಿಸ್ಟರಿನಲ್ಲಿರುವ, ದಸ್ತಾವೇಜಿನ ದೃಢೀಕೃತ ನಕಲನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ಪಡೆಯಬಹುದು. ದಸ್ತಾವೇಜು ಸಂಖ್ಯೆ, ವರ್ಷ, ಉಪನೋಂದಣಿ ಕಚೇರಿಯ ಹೆಸರು ಗೊತ್ತಿದ್ದರೆ ಕೆಲಸ ಸಲೀಸು. 2004ರ ಏಪ್ರಿಲ್‌ನಿಂದೀಚಿನವು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತವೆ. ಅದಕ್ಕೂ ಹಿಂದಿನವಕ್ಕೆ ಕಚೇರಿಗೇ ಅರ್ಜಿ ಹಾಕಿ ಹುಡುಕಿಸಬೇಕು. ಒಂದು ಎಚ್ಚರ: ಆಸ್ತಿ ಅಡವಿಟ್ಟು ಸಾಲ ಪಡೆಯುವಾಗ ಬ್ಯಾಂಕಿಗೆ ಬೇಕಾಗುವುದು ಮೂಲ ಪತ್ರವೇ. ನಕಲು ಹಕ್ಕನ್ನು ತೋರಿಸುತ್ತದೆ, ಸಾಲ ಕೊಡಿಸುವುದು ಕಷ್ಟ. ಹಾಗಾಗಿ ಹರಿದ ಪತ್ರದ ಚೂರುಗಳನ್ನೂ ಎಸೆಯಬೇಡಿ. ಹಾಳಾದದ್ದನ್ನು "ಕಳೆದುಹೋಗಿದೆ" ಎಂದು ಪೊಲೀಸರಿಗೆ ಬರೆದುಕೊಡುವ ಚಾಳಿ ನಮ್ಮಲ್ಲಿದೆ. ಅದು ಸುಳ್ಳು ಹೇಳಿಕೆ. ನಾಳೆ ಅದೇ ಪತ್ರ ಬೀರುವಿನಲ್ಲಿ ಸಿಕ್ಕಾಗ ಉತ್ತರ ಕೊಡಬೇಕಾದವರು ನೀವೇ.

ವಿಲ್ ಬೇರೆ ಜಾತಿ. ನೋಂದಾಯಿಸಿದ್ದರೆ 3ನೇ ಪುಸ್ತಕದಲ್ಲಿರುತ್ತದೆ. ಬರೆದವರು ಬದುಕಿರುವವರೆಗೆ ನಕಲು ಸಿಗುವುದು ಅವರಿಗೆ ಅಥವಾ ಅವರ ಏಜೆಂಟರಿಗೆ ಮಾತ್ರ. ನೋಂದಾಯಿಸದ ವಿಲ್ಲಿಗೆ ರಿಜಿಸ್ಟರೇ ಇಲ್ಲ. ಅದು ಊರು ಬಿಟ್ಟು ಕದಲಬಾರದು.

ಜನನ ಪತ್ರದ ಚಿಂತೆ ಈಗ ಕಡಿಮೆ. ರಾಜ್ಯದ ಜನನ-ಮರಣ ನೋಂದಣಿ ತಾಣ ಇ-ಜನ್ಮದಲ್ಲಿ ಸಿಗುವ ಪತ್ರಕ್ಕೆ ಡಿಜಿಟಲ್ ಸಹಿ, ಕ್ಯೂಆರ್ ಕೋಡ್ ಇರುತ್ತದೆ. ಪಿಡಿಎಫ್ ಕಳಿಸಿದರೆ ಸಾಕು. ಆದರೂ ಅದನ್ನು ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸುವ ಹಿರಿಯರಿದ್ದಾರೆ, ಪ್ರೀತಿಗೆ ಏನೆನ್ನೋಣ! ಹಳೆಯ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ, ಬರೀ "ಹೆಣ್ಣು" ಎಂದಷ್ಟೇ ಇರುವುದುಂಟು. ಹೊಸದಾಗಿ ತೆಗೆಸುವ ಮೊದಲೇ ಹೆಸರು ಸೇರಿಸಿಕೊಳ್ಳಿ. ಇಲ್ಲಿನ ವಲಸೆ ಇಲಾಖೆಯ ಬಹುಪಾಲು ಅರ್ಜಿಗಳಿಗೆ ಸ್ಪಷ್ಟವಾದ ನಕಲು ಸಾಕು. ಕೇಳದೆ ಮೂಲ ಪ್ರತಿ ಲಗತ್ತಿಸಬೇಡಿ.

ಅಂಕಪಟ್ಟಿಯ ವಿಷಯದಲ್ಲಿ ಯಾರನ್ನು ಕೇಳಬೇಕೆಂಬುದೇ ಗೊಂದಲ. ತುಮಕೂರು ವಿಶ್ವವಿದ್ಯಾಲಯ ಶುರುವಾದದ್ದು 2004ರಲ್ಲಿ. ಅದಕ್ಕೂ ಮೊದಲು ಜಿಲ್ಲೆಯ ಕಾಲೇಜುಗಳಲ್ಲಿ ಡಿಗ್ರಿ ಮುಗಿಸಿದವರು ಸಾಮಾನ್ಯವಾಗಿ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಹೋಗಬೇಕು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಹುಟ್ಟಿದ್ದು 1998ರಲ್ಲಿ. ಅದರಡಿ ಎಂಜಿನಿಯರಿಂಗ್ ಓದಿದವರು ಬೆಳಗಾವಿಯ ಕಡೆ ನೋಡಬೇಕು. ಎಸ್‌ಎಸ್‌ಎಲ್‌ಸಿ ಪಟ್ಟಿಯ ನಕಲಿಗೆ ಓದಿದ ಶಾಲೆಯ ಮುಖ್ಯಶಿಕ್ಷಕರ ಮೂಲಕ ಹೋಗುವುದೇ ಹತ್ತಿರದ ದಾರಿ. ಪದವಿ ಮೌಲ್ಯಮಾಪನಕ್ಕೆಂದು (ನಮ್ಮ ಡಿಗ್ರಿ ಇಲ್ಲಿನ ಯಾವುದಕ್ಕೆ ಸಮ ಎಂದು ಅಳೆಯುವುದಕ್ಕೆ) ವಿಶ್ವವಿದ್ಯಾಲಯ ಮೊಹರು ಹಾಕಿ ಕೊಟ್ಟ ಲಕೋಟೆ ಒಡೆದಿದ್ದರೆ, ಒಳಗಿನ ಹಾಳೆ ಎಷ್ಟೇ ಚೆನ್ನಾಗಿದ್ದರೂ ಉಪಯೋಗಕ್ಕೆ ಬರದು. ಒಂದೇ ಅರ್ಜಿಯಲ್ಲಿ ಎರಡು ಸೆಟ್ ತೆಗೆಸಿ, ಒಂದನ್ನು ತುಮಕೂರಿನಲ್ಲೇ ಇಟ್ಟಿರಿ.

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಜಿಪಿಎಗೆ. ಇಲ್ಲಿ ಸಹಿ, ಅಲ್ಲಿ ಬಳಕೆ. ನಡುವೆ ರಿಜಿಸ್ಟರ್ ಇಲ್ಲ. ವಿದೇಶದಲ್ಲಿರುವವರು ನೋಟರಿ ಅಥವಾ ಭಾರತೀಯ ಕಾನ್ಸುಲ್ ಎದುರು ಸಹಿ ಮಾಡಿ ದೃಢೀಕರಿಸಿಕೊಳ್ಳಬಹುದು. ನೋಟರಿ ದಾರಿ ಹಿಡಿದವರು ಸಾಮಾನ್ಯವಾಗಿ ಇಲ್ಲಿನ ರಾಜ್ಯದ ಅಪೊಸ್ಟಿಲ್ ಸೇರಿಸುತ್ತಾರೆ. ನೋಟರಿಯ ಸಹಿ, ಮೊಹರು ಅಸಲು ಎಂದು ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಕೊಡುವ ದೃಢೀಕರಣ ಹಾಳೆ ಅದು. ಭಾರತ ಆ ಒಪ್ಪಂದಕ್ಕೆ ಬಂದದ್ದು 2005ರಲ್ಲಿ. ಅಪೊಸ್ಟಿಲ್ ಹಾಳೆಯನ್ನು ಜಿಪಿಎಗೆ ಪಿನ್ ಹೊಡೆದೋ ರಿವೆಟ್ ಹಾಕಿಯೋ ಕೂಡಿಸಿರುತ್ತಾರೆ. ಸ್ಕ್ಯಾನ್ ಮಾಡಲೆಂದು ಆ ಪಿನ್ ಕಿತ್ತರೆ ಹಾಳೆ ಬದಲಾಯಿಸಿದ ಅನುಮಾನ ಬರುತ್ತದೆ, ಪತ್ರ ತಿರಸ್ಕಾರವಾಗುತ್ತದೆ. ಪುಟ ಮಡಚಿಯೇ ಸ್ಕ್ಯಾನ್ ಮಾಡಿ. ಅಂಚೆಯಲ್ಲೂ ಪೆಟ್ಟು ಬೀಳುವುದು ಈ ಪಿನ್ ಇರುವ ಮೂಲೆಗೇ: ಲಕೋಟೆ ಬಾಗಿದಾಗ ಹತ್ತು ಹಾಳೆಯ ಎಳೆತವೆಲ್ಲ ಅಲ್ಲಿಗೆ ಬಂದು ಮೇಲಿನ ಹಾಳೆ ಸೀಳುತ್ತದೆ. ಆದ್ದರಿಂದ ಒಂದೇ ದಿನ ಎರಡು ಮೂಲ ಪ್ರತಿಗಳಿಗೆ ಸಹಿ ಮಾಡಿ, ಎರಡನ್ನೂ ದೃಢೀಕರಿಸಿ, ಬೇರೆ ಬೇರೆ ವಾರ ಕಳಿಸಿ. ಹೊರಗೆ ಬರೆದ ಪತ್ರಕ್ಕೆ ಭಾರತ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ತಲುಪಿದ ದಿನಕ್ಕೆ ಸಾಕ್ಷಿ ಅಂಚೆ ಮುದ್ರೆಯಿರುವ ಲಕೋಟೆ. ಅದನ್ನು ಕಸಕ್ಕೆ ಹಾಕಬೇಡಿರೆಂದು ಊರಿನವರಿಗೆ ಮೊದಲೇ ಹೇಳಿ.

ಇನ್ನು ಕಟ್ಟುವ ರೀತಿ. ಅಂಚೆ ಕಚೇರಿ ಎದುರು ಸಿಗುವ ಬಟ್ಟೆ ಅಂಟಿಸಿದ ಕವರ್ ಹರಿಯದು, ನಿಜ. ಆದರೆ ಬಾಗುವುದನ್ನು ತಡೆಯದು, ನೀರನ್ನು ಹೀರಿ ಒಳಗೆ ದಾಟಿಸುತ್ತದೆ. ಇಲ್ಲಿನ ವಿಂಗಡಣಾ ಯಂತ್ರಗಳು ಗಂಟೆಗೆ 30,000ಕ್ಕೂ ಹೆಚ್ಚು ಪತ್ರಗಳನ್ನು ಬೆಲ್ಟು-ಉರುಳೆಗಳ ನಡುವೆ ತಿರುಗಿಸುತ್ತವೆ. "ಮಡಚಬೇಡಿ" ಎಂದು ಕೆಂಪಕ್ಷರದಲ್ಲಿ ಬರೆದರೆ ಯಂತ್ರ ಓದುವುದಿಲ್ಲ. ಅರಗಿನ ಮುದ್ರೆಯ ಗಂಟು, ಲೋಹದ ಕ್ಲಿಪ್ಪು ಸಿಕ್ಕಿಕೊಳ್ಳುವುದೇ ಅಲ್ಲಿ. ಕಾಗದಕ್ಕಿಂತ ಎಲ್ಲ ಬದಿಗೂ ಅರ್ಧ ಇಂಚು ದೊಡ್ಡದಾದ, 2-3 ಮಿಲಿಮೀಟರ್ ದಪ್ಪದ ಎರಡು ರಟ್ಟಿನ ನಡುವೆ ಇಟ್ಟು, ಜಿಪ್ ಚೀಲಕ್ಕೆ ಹಾಕಿ, ಗಟ್ಟಿ ಚಪ್ಪಟೆ ಡಬ್ಬಿಯಲ್ಲಿ ಕಳಿಸಿ. ಒಳಗೂ ಒಂದು ವಿಳಾಸದ ಚೀಟಿ ಇರಲಿ. ಪಾರದರ್ಶಕ ಹಾಳೆಚೀಲ ಪಾಲಿಪ್ರೊಪಿಲೀನಿನದಿರಲಿ. ಅಗ್ಗದ ಪಿವಿಸಿ ಚೀಲಕ್ಕೆ ಲೇಸರ್ ಪ್ರಿಂಟಿನ ಅಕ್ಷರ ಅಂಟಿಕೊಂಡು ಎದ್ದು ಬರುತ್ತದೆ. ಛಾಪಾ ಕಾಗದ ಎ4ಗಿಂತ ಉದ್ದ. ಎ4 ಕವರಿಗೆ ತೂರಿಸಲು ಕೆಳತುದಿ ಮಡಚುತ್ತಾರೆ; ಆ ಮಡಿಕೆ ಬೀಳುವುದು ಸಹಿ, ಮೊಹರಿನ ಮೇಲೆಯೇ. ಕಳಿಸುವ ಮೊದಲು ಎರಡೂ ಬದಿಯನ್ನು 300 ಡಿಪಿಐ ಬಣ್ಣದಲ್ಲಿ ಸ್ಕ್ಯಾನ್ ಮಾಡಿ. ಉಪನೋಂದಣಾಧಿಕಾರಿಯ ಷರಾ ಹಿಂಬದಿಯಲ್ಲೇ ಇರುವುದು ಹೆಚ್ಚು.

ಲ್ಯಾಮಿನೇಷನ್ ಬೇಡವೇ ಬೇಡ. ನೀರು ಅಂಚಿನಿಂದ ಒಳಹೊಕ್ಕರೆ ಹೊರಬರದು, ಅಪೊಸ್ಟಿಲ್ ಅಂಟಿಸಲೂ ಆಗದು.

ನೆನೆದು ಬಂದರೆ ಮೊದಲು ಹೊರಗಿನ ಹೊದಿಕೆ ಸಮೇತ ಫೋಟೊ ತೆಗೆಯಿರಿ. ಅಂಟಿದ ಹಾಳೆಗಳನ್ನು ಎಳೆಯಬೇಡಿ. ಇಸ್ತ್ರಿಪೆಟ್ಟಿಗೆ, ಹೇರ್ ಡ್ರೈಯರ್ ದೂರವಿರಲಿ. ಬಿಸಿಗೆ ಕಾಗದ ಸುರುಟುತ್ತದೆ, ಟೋನರ್ ಕರಗುತ್ತದೆ. ಅಚ್ಚಿಲ್ಲದ ಬಿಳಿ ಟಿಶ್ಯೂ ನಡುವೆ ಸಪಾಟಾಗಿ ಮಲಗಿಸಿ, ತೇವವಾದಂತೆಲ್ಲ ಬದಲಾಯಿಸಿ. ದಿನಪತ್ರಿಕೆ ಬಳಸಿದರೆ ಅದರ ಮಸಿ ನಿಮ್ಮ ಕ್ರಯಪತ್ರಕ್ಕೆ ಇಳಿಯುತ್ತದೆ. ಬಾಲ್‌ಪೆನ್ನಿನ ಬರಹ ಬಹುಮಟ್ಟಿಗೆ ಉಳಿಯುತ್ತದೆ. ಇಂಕ್‌ಪೆನ್ನು, ರಬ್ಬರ್ ಮೊಹರು, ಇಂಕ್‌ಜೆಟ್ ಅಚ್ಚು ಹರಡುತ್ತವೆ, ಅವನ್ನು ಒತ್ತಿ ಒರೆಸಬೇಡಿ. ಎರಡು ದಿನದೊಳಗೆ ಒಣಗಿಸಲು ಆಗದಷ್ಟು ದೊಡ್ಡ ಕಟ್ಟಾದರೆ ಜಿಪ್ ಚೀಲದಲ್ಲಿ ಫ್ರೀಜರಿಗೆ ಹಾಕಿ. ಬೂಷ್ಟು ಅಲ್ಲಿಗೆ ನಿಲ್ಲುತ್ತದೆ, ಬಿಡುವಾದಾಗ ಒಂದೊಂದೇ ಬಿಡಿಸಬಹುದು. ಪಾಸ್‌ಪೋರ್ಟ್ ನೆನೆದಿದ್ದರೆ ಒಣಗಿಸಿಕೊಂಡು ಪ್ರಯಾಣಕ್ಕೆ ಹೊರಡಬೇಡಿ. ಹಾಳಾದ ಪುಸ್ತಕದೊಂದಿಗೆ ಅನೆಕ್ಷರ್ 'ಎಫ್' ನಮೂನೆಯ ಅಫಿಡವಿಟ್ ಸೇರಿಸಿ ಮರುವಿತರಣೆಗೆ ಅರ್ಜಿ ಹಾಕಬೇಕು.

ಅಂತರರಾಷ್ಟ್ರೀಯ ಅಂಚೆಯಲ್ಲಿ ದೂರು ಕೊಡಬೇಕಾದವರು ಸಾಮಾನ್ಯವಾಗಿ ಕಳಿಸಿದವರು. ಎಂದರೆ, ತುಮಕೂರಿನ ಕೌಂಟರಿನಲ್ಲಿ ಕೊಟ್ಟ ರಸೀದಿ ಬೇಕು. ಅದು ಉಷ್ಣ ಕಾಗದದ್ದಾದರೆ ಕೆಲವೇ ತಿಂಗಳಲ್ಲಿ ಮಾಸುತ್ತದೆ, ಅಂದೇ ಫೋಟೊ ತರಿಸಿಕೊಳ್ಳಿ. ಎರಡಕ್ಷರ, ಒಂಬತ್ತು ಅಂಕಿ, ಕೊನೆಗೆ 'ಐಎನ್': ಹದಿಮೂರೂ ಕಾಣುತ್ತಿರಲಿ. ಊರೊಳಗೆ "ರಿಜಿಸ್ಟರ್ ಪೋಸ್ಟ್ ಮಾಡಿ" ಎಂದು ಹೇಳಿ ಅಭ್ಯಾಸವಾದವರಿಗೆ ಒಂದು ಮಾತು: 2025ರ ಸೆಪ್ಟೆಂಬರ್ 1ರಿಂದ ದೇಶದೊಳಗಿನ ಆ ಸೇವೆ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ತುಮಕೂರಿನಿಂದ ಬೆಂಗಳೂರಿನ ಪರೀಕ್ಷಾ ಮಂಡಳಿಗೆ ಅರ್ಜಿ ಕಳಿಸುವಾಗ ಸ್ಪೀಡ್ ಪೋಸ್ಟ್ ಎಂದೇ ಕೇಳಲಿ, ಜೊತೆಗೆ ವಿಳಾಸದಾರರಿಗೇ ತಲುಪಿಸುವ ನೋಂದಣಿ ಸೌಲಭ್ಯವನ್ನೂ ಹೇಳಿ ಹಾಕಿಸಿಕೊಳ್ಳಲಿ.